ಮೊಳದೊಳಗಿನ ಅತ್ತರು

ನಮ್ಮ ಸವದತ್ತಿ ಕಚೇರಿಗೆ ಹೊಸ ಹುಡುಗನೊಬ್ಬ ಬಂದಿದ್ದಾನೆ. ಹೆಸರು ಬೇಡ, ಅವನ ವಾಸನೆಯೇ ಸಾಕು. ಹತ್ತಕ್ಕೆ ಐದು ನಿಮಿಷ ಇರುವಾಗ ಅವನ ಸ್ಪ್ರೇ ಮೆಟ್ಟಿಲು ಹತ್ತಿ ಬಂದು, ಹಾಜರಿ ಹಾಕಿ, ಫ್ಯಾನಿನ ಕೆಳಗೆ ಕೂಡುತ್ತದೆ. ಆಮೇಲೆ ಸಾವಕಾಶ ಹುಡುಗ ಬರುತ್ತಾನೆ. ಮೊನ್ನೆ ಉಗರಗೋಳದ ಮುದುಕಿಯೊಬ್ಬಳು ಪಹಣಿ ಕೇಳಲು ಬಂದವಳು ಅವನೆದುರು ನಿಂತು ಮೂರು ಸಲ ಸೀನಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ನನ್ನ ಕಡೆ ತಿರುಗಿದಳು. "ತಮ್ಮಾ, ಇವಂದ ಇವತ್ತ ಮದುವಿ ಐತೇನೋ?" ಅಂದಳು. ಕಚೇರಿಯೆಲ್ಲ ನಕ್ಕಿತು. ನಾನಂತೂ ಆ ಮುದುಕಿಯ ಸೀನನ್ನು ಆ ದಿನ ನಾಲ್ಕು ಸಲ ಮಾಡಿ ತೋರಿಸಿದೆ, ಸಾಹೇಬರಿಗೆ ಒಂದು ಸಲ ಬೇರೆಯಾಗಿ. ಆದರೆ ನಗುತ್ತಿರುವಾಗಲೇ ಆ ಸ್ಪ್ರೇಯ ತಳದಲ್ಲಿ ಎಲ್ಲೋ ಒಂದೆಳೆ ಲಾವಂಚದ ವಾಸನೆ ಮೂಗಿಗೆ ಸಿಕ್ಕಿತು. ಕಾರ್ಖಾನೆಯಲ್ಲಿ ಹುಟ್ಟಿದ ಲಾವಂಚ, ನಿಜ. ಆದರೂ ಅದರ ಬಾಲ ಹಿಡಿದುಕೊಂಡು ನಾನು ಬೈಲಹೊಂಗಲದ ಬಜಾರಿನೊಳಗೆ, ಈಗ ಇಲ್ಲದ ಒಂದು ಅಂಗಡಿಯ ಕಟ್ಟೆಯ ಮೇಲೆ ಹೋಗಿ ಕೂತುಬಿಟ್ಟೆ.

ಅದು ನನ್ನ ದಾದಾನ, ಅಂದರೆ ನಮ್ಮಪ್ಪನ ಅಪ್ಪನ, ಅತ್ತರಿನ ಅಂಗಡಿ. ಇಬ್ಬರು ಕೂತರೆ ಮೂರನೆಯವನು ನಿಂತೇ ವ್ಯವಹಾರ ಮಾಡಬೇಕು, ಅಷ್ಟೇ ಅಗಲ. ಗೋಡೆಯ ಹಲಗೆಗಳ ಮೇಲೆ ಹೆಬ್ಬೆರಳಿನಷ್ಟೆತ್ತರದ ಸೀಸೆಗಳು. ಒಂದೊಂದರ ಮುಚ್ಚಳಕ್ಕೂ ಒಂದು ಸಣ್ಣ ಗಾಜಿನ ಕಡ್ಡಿ. ಮಧ್ಯಾಹ್ನದ ಬಿಸಿಲು ಒಳಗೆ ಬಂದಾಗ ಸೀಸೆಗಳೆಲ್ಲ ಜೇನುತುಪ್ಪ ತುಂಬಿಕೊಂಡಂತೆ ಹೊಳೆಯುತ್ತಿದ್ದವು. ಮನೆಯಲ್ಲಿ ನಮ್ಮದು ಉರ್ದು, ಅಂಗಡಿಯಲ್ಲಿ ಕನ್ನಡ. ನನ್ನನ್ನು ಬೈಯುವುದು ಮಾತ್ರ ಎಲ್ಲಿದ್ದರೂ ಕನ್ನಡದಲ್ಲೇ, ಓಣಿಯವರಿಗೂ ತಿಳಿಯಲಿ ಎಂದು. ಅತ್ತರು ಮಾರುವುದಕ್ಕಿಂತ ಮಾರದೇ ಇರುವುದರಲ್ಲಿ ದಾದಾ ಹೆಚ್ಚು ನುರಿತವನು. ಕೋರ್ಟಿಗೆ ಹೊರಟವನು ಬಂದರೆ, "ಅತ್ತರ ಹಚಗೊಂಡ ಹೋದ್ರ ಕೇಸ್ ಗೆದ್ದ ಬಂದಾನ ಅಂತ ತಿಳೀತಾರ, ಹಂಗ ಹೋಗ್ರಿ" ಎಂದು ಕಳಿಸುತ್ತಿದ್ದ. ಕನ್ಯೆ ನೋಡಲು ರಾಮದುರ್ಗಕ್ಕೆ ಹೊರಟ ಹುಡುಗನೊಬ್ಬ ಇದ್ದುದರಲ್ಲೇ ಭಾರವಾದ ಹಿನಾ ಅತ್ತರು ಕೇಳಿದಾಗ, "ಹುಡುಗಿ ನಿನ್ನ ನೋಡಬೇಕೋ, ನನ್ನ ಅಂಗಡಿ ನೋಡಬೇಕೋ?" ಎಂದು ಕೇಳಿ, ಮಣಿಕಟ್ಟಿನ ಒಳಗಡೆ ಗುಲಾಬಿಯ ಒಂದೇ ಚುಕ್ಕೆ ಇಟ್ಟಿದ್ದ. ಅವನ ಕಾಯಿದೆ ಮೊಳದ ಕಾಯಿದೆ. ಮೊಳದೊಳಗೆ ಬಂದವರಿಗಷ್ಟೇ ನಿಮ್ಮ ಸುಗಂಧ ಸೇರಬೇಕು, ಆಚೆ ಇದ್ದವರಿಗೆ ಅದರ ಗೊಡವೆ ಇರಬಾರದು. ಈದ್ ಹಬ್ಬದ ಬೆಳಿಗ್ಗೆ ನಮ್ಮನ್ನೆಲ್ಲ ಹೊಸ್ತಿಲಲ್ಲಿ ಸಾಲಾಗಿ ನಿಲ್ಲಿಸಿ, ಮೊಳ ದೂರ ನಿಂತು ಮೂಸುತ್ತಿದ್ದ. ವಾಸನೆ ಬಂತೋ, ಮೋರಿಗೆ ಹೋಗಿ ಕೈ ತೊಳೆದು ಬರಬೇಕು. ಸತ್ತವರ ಮನೆಗಂತೂ ಒಂದು ಚುಕ್ಕೆಯೂ ಇಲ್ಲ. "ಅಲ್ಲಿ ಸತ್ತವರ ವಾಸನಿ ಇನ್ನಾ ಹೋಗಿರೂದಿಲ್ಲ. ಅದರ ಮ್ಯಾಲ ನಿಮ್ಮದ ತಂದ ಹಾಕಬ್ಯಾಡ್ರಿ" ಅನ್ನುತ್ತಿದ್ದ.

ಇಂಥವನ ಮೊಮ್ಮಗ ನಾನು. ಕಾಯಿದೆ ಮುರಿಯುವುದಕ್ಕೇ ಹುಟ್ಟಿದವನು. ಆರನೆಯ ವರ್ಷಕ್ಕೇ ನಾನು ಓಣಿಯವರ ದನಿಗಳನ್ನೆಲ್ಲ ಕದ್ದು ಮುಗಿಸಿದ್ದೆ. ಬರಿ ದನಿಯಿಂದ ಜನ ಮೋಸ ಹೋಗುವುದು ನಿಂತಾಗ ನನಗೊಂದು ಭಾರಿ ಯುಕ್ತಿ ಹೊಳೆಯಿತು: ದನಿಯ ಜೊತೆ ವಾಸನೆಯನ್ನೂ ಕದಿಯುವುದು. ಯಾರು ಯಾವ ಅತ್ತರು ಹಚ್ಚುತ್ತಾರೆ ಎಂಬುದು ಅಂಗಡಿಯ ಹುಡುಗನಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು? ಒಮ್ಮೆ ಅರಳೆ ದಲ್ಲಾಳಿಯೊಬ್ಬನ ಹಿನಾ ಹಚ್ಚಿಕೊಂಡು, ಪರದೆಯ ಹಿಂದೆ ನಿಂತು, ಅವನ ಹಾಗೆ ಗಂಟಲು ಕೆರೆದು "ಸಾಬ್ರ, ಚಹಾ ತರಸ್ರಿ" ಅಂದೆ. ಸ್ವತಃ ದಾದಾ ಚಹಾ ತರಿಸಿದ! ನಾನು ಆ ಚಹಾ ಕುಡಿದೆ, ಏಟೂ ತಿಂದೆ. ಇವತ್ತಿಗೂ ಹೇಳುತ್ತೇನೆ, ಏಟಿಗಿಂತ ಚಹಾ ರುಚಿಯಾಗಿತ್ತು.

ನಮ್ಮ ಅಂಗಡಿಯಿಂದ ಮೂರು ಮನೆ ದಾಟಿದರೆ ಕುಲಕರ್ಣಿ ಮಾಸ್ತರ ಮನೆ. ತಲೆಮಾರುಗಳಿಂದ ಓದು ಬರಹದ ಮನೆತನ. ಸಾಲೆಯಲ್ಲಿ ಅವರಿಗೆ ಸುಣ್ಣದ ಕಡ್ಡಿಯ ವಾಸನೆ ಬಿಟ್ಟರೆ ಬೇರೆ ಇರಲಿಲ್ಲ. ಆದರೆ ಸಂಜೆ ಐದಕ್ಕೆ ಸಾಲೆ ಬಿಟ್ಟು ಬರುವಾಗ ತಪ್ಪದೆ ನಮ್ಮ ಕಟ್ಟೆಯ ಹತ್ತಿರ ನಿಲ್ಲುತ್ತಿದ್ದರು. ಅವರ ಸೀಸೆ ಅಂಗಡಿಯಲ್ಲೇ, ಕೆಳಗಿನ ಹಲಗೆಯ ಮೂಲೆಯಲ್ಲಿ, ಬೇರೆಯಾಗಿ ಇರುತ್ತಿತ್ತು. ಲಾವಂಚ, ಅದಕ್ಕೊಂದಿಷ್ಟು ದವನ, ತಳದಲ್ಲಿ ಹಳೆಯ ಗಂಧ. ದಾದಾ ಅವರೊಬ್ಬರಿಗಾಗಿ ಕೂಡಿಸಿದ್ದು. ಬೇರೆ ಯಾರು ಕೇಳಿದರೂ ಕೊಡುತ್ತಿರಲಿಲ್ಲ. ಮಾಸ್ತರು ಕೊರಳಪಟ್ಟಿಯ ಒಳಗೆ ಒಂದು ಚುಕ್ಕೆ ಹಚ್ಚಿಸಿಕೊಂಡು ಮನೆಗೆ ಹೋಗುತ್ತಿದ್ದರು. ಇದು ಷೋಕಿ ಅಲ್ಲ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಅವರ ಹೆಂಡತಿ ಇಂದೂಬಾಯಿಯವರ ಕಣ್ಣು ವರ್ಷದಿಂದ ವರ್ಷಕ್ಕೆ ಮಂಜಾಗುತ್ತ ಬಂದಿತ್ತು. ಬಾಗಿಲಲ್ಲಿ ನೆರಳು ಅಲುಗಾಡಿದರೆ ಯಾರೋ ಏನೋ ಎಂದು ಹೆದರುತ್ತಿದ್ದರು. ಆ ಚುಕ್ಕೆ ಅವರಿಗಾಗಿ. ಹೆದರಬೇಡ, ಬಂದವನು ನಾನೇ ಎಂದು ಹೇಳುವುದಕ್ಕೆ.

ನನಗೆ ಹನ್ನೊಂದು ತುಂಬಿದ ವರ್ಷ ಮಾಸ್ತರು ತೀರಿಕೊಂಡರು. ದಿನಕರ್ಮಕ್ಕೆ ಬಂದ ಮಗಳು ಅವರ ಕೋಟು, ಧೋತರ, ಹಾಸಿಗೆಯನ್ನೆಲ್ಲ ಒಗೆದು, ಒಣಗಿಸಿ, ಮಡಿಚಿ, ದಾನ ಕೊಟ್ಟು ಹೋದಳು. ಒಳ್ಳೆಯ ಮನಸ್ಸಿನಿಂದಲೇ. ಸೀಸೆ ಮಾತ್ರ ನಮ್ಮ ಹಲಗೆಯ ಮೂಲೆಯಲ್ಲಿ ಅರ್ಧ ತುಂಬಿಕೊಂಡು ಹಾಗೇ ಉಳಿಯಿತು. ಎರಡು ತಿಂಗಳಾಗಿರಬೇಕು. ದಾದಾ ನಮಾಜಿಗೆ ಹೋಗಿದ್ದ. ನಾನು ಕಟ್ಟೆಯ ಮೇಲೆ ಒಬ್ಬನೇ ಕೂತು ಮಾಸ್ತರ ದನಿ ತೆಗೆಯುತ್ತಿದ್ದೆ. ಎಷ್ಟು ಸೊಗಸಾಗಿ ಬಂತೆಂದರೆ ಅದನ್ನು ವ್ಯರ್ಥ ಮಾಡುವುದು ನನ್ನಿಂದಾಗಲಿಲ್ಲ. ಕೆಟ್ಟದ್ದು ಮಾಡಬೇಕೆಂದು ಮಾಡಲಿಲ್ಲ, ಓದುಗರೇ. ಕಲಾವಿದನ ಸೊಕ್ಕಿನಿಂದ ಮಾಡಿದೆ. ಆ ಸೀಸೆಯ ಕಡ್ಡಿ ಕೊರಳಿಗೆ ತಾಗಿಸಿಕೊಂಡು, ಮೂರು ಮನೆ ದಾಟಿ, ಅವರ ಹೊಸ್ತಿಲಲ್ಲಿ ನಿಂತು ಮಾಸ್ತರ ಹಾಗೆ ಕೆಮ್ಮಿದೆ.

ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಬಾಯಿಯವರು ಸೆರಗು ಸರಿ ಮಾಡಿಕೊಂಡು, ಗೋಡೆ ಹಿಡಿದು ಎದ್ದರು. "ಬಂದ್ರ್ಯಾ? ಬರ್ರಿ. ಚಹಾಕ್ಕ ಇಡ್ತೀನಿ" ಅಂದರು. ಅವರ ಮೊರದಿಂದ ಅಕ್ಕಿ ಸುರಿದದ್ದು ಇನ್ನೂ ಕಿವಿಯಲ್ಲಿದೆ. ಮುಂದೆ ಆಡಬೇಕೆಂದು ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ನನ್ನ ಬಾಯಲ್ಲಿ ಒಣಗಿಹೋಯಿತು. ಅವರು ಹತ್ತಿರ ಬಂದು ನನ್ನ ಮುಖದ ಮೇಲೆ ಕೈಯಾಡಿಸಿದರು. ನನ್ನ ಕೆನ್ನೆ ಒದ್ದೆಯಾಗಿತ್ತು.

"ಅತ್ತರಸಾಬ್ರ ಮೊಮ್ಮಗ ಹೌದಲ್ಲೋ ನೀ?"

"ಹೌದ್ರಿ ಬಾಯಾರ. ತಪ್ಪಾತ್ರಿ."

"ಕೆಮ್ಮು ಬರೋಬ್ಬರಿ ಬಂದಿಲ್ಲ. ಅವರು ಎರಡು ಸಲ ಕೆಮ್ತಿದ್ರು. ನೀ ಒಂದ ಸಲ ಕೆಮ್ಮಿದಿ."

"ಅಂದ್ರ ಆವಾಗನ ಗೊತ್ತಾತೇನ್ರಿ?"

"ಗೊತ್ತಾತು. ಆದ್ರ ಆ ವಾಸನಿ ಬಂತಲ್ಲ, ಏಳಬೇಕಾತು." ಸೆರಗಿನಿಂದ ನನ್ನ ಕೆನ್ನೆ ಒರೆಸಿದರು. ಆಮೇಲೆ ಅಂದರು: "ಈ ಮನ್ಯಾಗ ಅವರ ವಾಸನಿ ಎಲ್ಲೂ ಉಳದಿಲ್ಲೋ. ಎಲ್ಲಾ ಒಗದು ಹಾಕಿದ್ರು. ನಾಳೆ ಬಾ. ದನಿ ಬ್ಯಾಡ, ಕೆಮ್ಮೂ ಬ್ಯಾಡ. ಅದನ್ನಷ್ಟ ಹಚಗೊಂಡು ಬಾ. ಸ್ವಲ್ಪ ಹೊತ್ತು ಕೂತು ಹೋಗು."

ಅಂಗಡಿಗೆ ಬಂದಾಗ ದಾದಾ ಮೊಳದಾಚೆಯಿಂದಲೇ ನನ್ನನ್ನು ಮೂಸಿದ. ಯಾವ ಸೀಸೆ ಎಂದು ಹೇಳಬೇಕಾಗಲಿಲ್ಲ. ಕೈ ಎತ್ತಿದ್ದ ಕೂಡ. ಬಾಯಿಯವರು ಕೇಳಿದ್ದನ್ನು ನಾನು ಅಳುತ್ತ ಹೇಳಿದಾಗ ಆ ಕೈ ಮೆಲ್ಲಗೆ ಕೆಳಗಿಳಿಯಿತು. ಸತ್ತವರ ಮನೆಗೆ ಅತ್ತರು ಕೂಡದು ಎಂದು ಜೀವನವಿಡೀ ಹೇಳಿದ ಮನುಷ್ಯ, ಮರುದಿನ ಐದಕ್ಕೆ ನನ್ನನ್ನು ಕರೆದು, ಆ ಸೀಸೆ ತೆರೆದು, ನನ್ನ ಮಣಿಕಟ್ಟಿನ ಮೇಲೆ ಒಂದು ಚುಕ್ಕೆ ಇಟ್ಟ. "ಇದು ನಿಂದಲ್ಲ, ಅವರದ. ಕೊಟ್ಟ ಬಾ. ಬಾಯಿ ಮುಚಗೊಂಡ ಹೋಗು" ಅಂದ. ಬಾಯಿ ಮುಚ್ಚಿಕೊಂಡಿರುವುದು! ನನ್ನ ಬಾಳಿನಲ್ಲಿ ಅಷ್ಟು ಕಠಿಣವಾದ ಕೆಲಸವನ್ನು ಯಾರೂ ನನಗೆ ಒಪ್ಪಿಸಿರಲಿಲ್ಲ.

ಹೀಗೆ ನಾನು ದಿನಾ ಹೋಗತೊಡಗಿದೆ. ಮೊದಮೊದಲು ಹೊಸ್ತಿಲ ಹತ್ತಿರ ಗೋಡೆಗೆ ಒರಗಿ ಕೂಡುತ್ತಿದ್ದೆ. ಅವರು ಎದುರಿನ ಕಂಬಕ್ಕೆ ಆತು ಕೂತು, ಕಣ್ಣು ಮುಚ್ಚಿ, ಚಹಾ ಆರಿಸಿ ಕುಡಿಯುತ್ತಿದ್ದರು. ಇತ್ತ ಅಂಗಡಿಯಲ್ಲಿ ಸೀಸೆ ಇಳಿಯುತ್ತಿತ್ತು. ದಾದಾ ಅದನ್ನು ಬೆಳಕಿಗೆ ಹಿಡಿದು ನೋಡುವುದು, ಮುಖ ಗಂಟಿಕ್ಕುವುದು ದಿನದ ಕೆಲಸವಾಯಿತು. ಮತ್ತೆ ಮಾಡಬಹುದಲ್ಲ ಎಂದು ನೀವು ಕೇಳಬಹುದು. ಮಾಡಿದ, ಮೂರು ಸಲ. ಆದರೆ ಮೊದಲು ದವನದೆಣ್ಣೆ ತಂದುಕೊಡುತ್ತಿದ್ದ ಮನುಷ್ಯ ಈಗ ಇರಲಿಲ್ಲ, ಬೇರೆಯವರ ಎಣ್ಣೆ ಕೂಡಿಬರಲಿಲ್ಲ. ಮೂರು ಸಲವೂ ಬಾಯಿಯವರು ನನ್ನ ಮಣಿಕಟ್ಟು ಮೂಸಿ, ಬೇಜಾರಾಗದ ಹಾಗೆ, "ಛಲೋ ಅದ, ಆದ್ರ ಇದಲ್ಲ" ಅಂದರು. ಕಡೆಗೆ ದಾದಾ ಚುಕ್ಕೆಯನ್ನೇ ಚಿಕ್ಕದು ಮಾಡಿದ. ಕಾಳಿನಷ್ಟಿದ್ದದ್ದು ಸಾಸಿವೆಯಷ್ಟಾಯಿತು, ಸಾಸಿವೆ ಸೂಜಿಯ ಮೊನೆಯಾಯಿತು. ಚುಕ್ಕೆ ಚಿಕ್ಕದಾದಷ್ಟೂ ನಾನು ಅವರ ಹತ್ತಿರ ಸರಿದು ಕೂಡಬೇಕಾಯಿತು. ಹೊಸ್ತಿಲಿನಿಂದ ಕಂಬದವರೆಗೆ, ಕಂಬದಿಂದ ಚಾಪೆಯವರೆಗೆ. ಒಂದು ವರ್ಷ ಆಗುವುದರೊಳಗೆ ನಾನು ಅವರ ಮೊಳದೊಳಗೆ ಬಂದಿದ್ದೆ. ಅಷ್ಟು ಹತ್ತಿರ ಕೂತ ಮೇಲೆ ಸುಮ್ಮನಿರುವುದು ಇಬ್ಬರಿಗೂ ಕಷ್ಟ. ಪೇಪರ್ ಓದಿ ಹೇಳತೊಡಗಿದೆ, ಆಮೇಲೆ ಸಾಲೆಯ ಸುದ್ದಿ, ಆಮೇಲೆ ಓಣಿಯ ಚಾಡಿ.

ಒಂದು ಸಂಜೆ ದಾದಾ ಸೀಸೆಯನ್ನು ಬೋರಲು ಮಾಡಿ, ತಟ್ಟಿ, ಕಡ್ಡಿಯನ್ನು ನನ್ನ ಮಣಿಕಟ್ಟಿನ ಮೇಲೆ ಎರಡು ಸಲ ಎಳೆದ. ಒಣಗಿದ ಗಾಜು ಚರ್ಮದ ಮೇಲೆ ತಣ್ಣಗೆ ಓಡಿತು, ಅಷ್ಟೇ. ಆ ಮೂರು ಮನೆ ದಾಟುವುದು ಮೂರು ಊರು ದಾಟಿದಷ್ಟಾಯಿತು. ಇನ್ನು ನನಗೆ ಆ ಮನೆಯಲ್ಲಿ ಏನು ಕೆಲಸ ಎಂಬುದೇ ತಲೆಯಲ್ಲಿ. ಬಾಯಿಯವರು ನನ್ನ ಕೈ ಹಿಡಿದು, ಮೂಗಿನ ಹತ್ತಿರ ತಂದು, ಬಹಳ ಹೊತ್ತು ಹಾಗೇ ಇಟ್ಟುಕೊಂಡರು.

"ತೀರೇದ, ಹೌದಲ್ಲೋ?"

"ಹೌದ್ರಿ."

"ಹಂಗಿದ್ರ ನಾಳಿಂದ ನೀನ ಬಾ."

ಹೋದೆ. ಮುಂದೆ ಮೂರು ವರ್ಷ, ಏನೂ ಹಚ್ಚಿಕೊಳ್ಳದೆ, ಬರಿ ನಾನೇ ಹೋದೆ. ದನಿ ತೆಗೆಯಬಾರದೆಂಬ ಕಾಯಿದೆಯೂ ಆ ದಿನಕ್ಕೇ ಮುಗಿದಿತ್ತು. ದಲ್ಲಾಳಿ, ಕಾಯಿಪಲ್ಯೆಯವಳು, ಮುರಗೋಡದ ಬಸ್ಸಿನ ಕಂಡಕ್ಟರ್, ನನ್ನ ದಾದಾ, ಎಲ್ಲರನ್ನೂ ಆ ಪಡಸಾಲೆಗೆ ಕರೆತಂದೆ. ಬಾಯಿಯವರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಮಾಸ್ತರ ದನಿಯನ್ನು ಮಾತ್ರ ಅವರು ಕೇಳಲಿಲ್ಲ, ನಾನೂ ತೆಗೆಯಲಿಲ್ಲ. ಬಾಯಿಯವರು ತೀರಿಕೊಂಡ ದಿನ ದಾದಾ ಅಂಗಡಿಗೆ ಬಾಗಿಲು ಹಾಕಿ, ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡ. ಆದರೂ ಅವನ ಕೈಯ ವಾಸನೆ ಹೋಗಲಿಲ್ಲ. ಐವತ್ತು ವರ್ಷದ ಅತ್ತರು ಸಾಬೂನಿನ ಮಾತು ಕೇಳುತ್ತದೆಯೇ? ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅವರ ಬಾಗಿಲಲ್ಲಿ ನಿಂತ.

ಈಗ ದಾದಾನೂ ಇಲ್ಲ. ಅಂಗಡಿಯ ಜಾಗದಲ್ಲಿ ಮೊಬೈಲಿನ ಕವಚಗಳು ತೂಗುತ್ತವೆ. ಮಾಸ್ತರ ಮನೆ ಕೆಡವಿ ಮೋಟಾರ್ ಸೈಕಲ್ ನಿಲ್ಲಿಸುವ ಬಯಲು ಮಾಡಿದ್ದಾರೆ. ಬರಿದಾದ ಸೀಸೆ ನನ್ನ ಹತ್ತಿರ ಇದೆ. ಕಚೇರಿಗೆ ನಾನು ಏನೂ ಹಚ್ಚುವುದಿಲ್ಲ, ಮದುವೆಗೆ ಒಂದು ಚುಕ್ಕೆ. ಹೊಸ ಹುಡುಗನಿಗೆ ನಿನ್ನೆ ಮೊಳದ ಕಾಯಿದೆ ಹೇಳಿಕೊಟ್ಟೆ, ದಾದಾನ ದನಿಯಲ್ಲೇ. ನಕ್ಕ. ಇವತ್ತು ಅವನ ಸ್ಪ್ರೇ ಮೆಟ್ಟಿಲಲ್ಲೇ ನಿಂತಿತ್ತು, ಹುಡುಗ ಮೊದಲು ಬಂದ.

ರಜೆಯ ದಿನ ಬೈಲಹೊಂಗಲಕ್ಕೆ ಹೋದರೆ, ಸಂಜೆ ಐದರ ಸುಮಾರಿಗೆ, ಆ ಬಯಲಿನ ಮುಂದೆ ಹಾಯುವುದಿದೆ. ಹೊಸ್ತಿಲು ಇದ್ದ ಜಾಗ ನನ್ನ ಕಾಲಿಗೆ ಗೊತ್ತು. ಅತ್ತಿತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಅಲ್ಲಿ ನಿಂತು ಕೆಮ್ಮುತ್ತೇನೆ. ಎರಡು ಸಲ. ಈಗ ಬರೋಬ್ಬರಿ ಬರುತ್ತದೆ.