ಸ್ಟೋರಿನ ಖಾಲಿ ಕಪಾಟು

ನಾಲವಾರದ ನಾಗೇಂದ್ರಪ್ಪ ಇಪ್ಪತ್ತೆರಡು ವರ್ಷ ಬೆಳಗಿನ ರೈಲು ಹಿಡಿದು ವಾಡಿಗೆ ಬಂದು, ಸಿಮೆಂಟ್ ಕಾರ್ಖಾನೆಯೊಂದರ ಸ್ಟೋರು ಕಾಯ್ದವರು. ಯಾವ ಕಪಾಟಿನಲ್ಲಿ ಎಷ್ಟು ನಟ್ಟು, ಎಷ್ಟು ಬೋಲ್ಟು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರು. ನಾಗೇಂದ್ರಪ್ಪನ ಕೈ ಶುದ್ಧ ಎಂಬ ಮಾತೊಂದೇ ಅವರ ಗಳಿಕೆ. ಎಂಬತ್ತಾರನೇ ಇಸವಿಯಲ್ಲಿ ಕಂಪ್ಯೂಟರ್ ಬಂತು, ಆ ಗಳಿಕೆಗೂ ಕುತ್ತು ಬಂತು.

ಪ್ರೋಗ್ರಾಮು ಬರೆದವನು ಶಹಾಬಾದಿನ ಅಬ್ದುಲ್ ಗನಿ, ಹೈದರಾಬಾದಿನಲ್ಲಿ ಕಲಿತು ಬಂದವನು. ಫಿಟ್ಟರುಗಳು ಬರೆಸಿದ ಚೀಟಿ ನೋಡಿ ಲೆಕ್ಕವಿಟ್ಟು, ಬೇರಿಂಗು ಐದಕ್ಕಿಂತ ಕಡಿಮೆಯಾದರೆ ಹೊಸದು ತರಿಸಿರೆಂದು ಯಂತ್ರ ತಾನೇ ಹೇಳಬೇಕು. ಮೇಜಿನ ಮೇಲೆ ಪರೀಕ್ಷಿಸಿದಾಗ ಒಂದು ಅಂಕಿಯೂ ತಪ್ಪಲಿಲ್ಲ. ಕಪಾಟು ಮಾತ್ರ ಸದಾ ಖಾಲಿ! ಕಲ್ಲು ಸಾಗಿಸುವ ಬೆಲ್ಟು ತಿಂಗಳಲ್ಲಿ ಎರಡು ಸಲ ಬೇರಿಂಗಿಲ್ಲದೆ ನಿಂತಿತು. ಮ್ಯಾನೇಜರರು ಗನಿಯನ್ನು ಬೈದರು. ಅವನು ಐದನ್ನು ಹತ್ತು ಮಾಡಿದ, ಹತ್ತನ್ನು ಇಪ್ಪತ್ತು ಮಾಡಿದ. ಬಂದದ್ದೆಲ್ಲ ವಾರದೊಳಗೆ ಮಾಯ. ಸ್ಟೋರಿನವನೇ ಹೊರಗೆ ಸಾಗಿಸುತ್ತಾನೆಂದು ಕ್ಯಾಂಟೀನಿನಲ್ಲಿ ಗುಸುಗುಸು ಎದ್ದಿತು.

ನಾಗೇಂದ್ರಪ್ಪ ಹಳೆಯ ಚೀಟಿಗಳನ್ನೆಲ್ಲ ಹರಡಿಕೊಂಡು ಕುಳಿತರು. ಸಿಮೆಂಟು ಅರೆಯುವ ಮಿಲ್ಲಿನ ಫಿಟ್ಟರ್ ಅಂಬಾರಾಯ ಒಂದು ಬೇಕಾದಾಗಲೆಲ್ಲ ಮೂರು ಬರೆಸಿದ್ದ. ನೆಟ್ಟಗೆ ಹೋಗಿ ಅವನ ಪೆಟ್ಟಿಗೆ ತೆರೆಸಿದರೆ, ಎಣ್ಣೆಬಟ್ಟೆಯಲ್ಲಿ ಸುತ್ತಿದ ಏಳು ಬೇರಿಂಗು!

"ಸ್ಟೋರಿನಾಗ ಸಿಗಂಗಿಲ್ಲಂತ ಇಟ್ಟೀನ್ರಿ ಅಣ್ಣಾ," ಅಂದ ಅಂಬಾರಾಯ.

"ನೀವೆಲ್ಲ ಹಿಂಗ ಇಟ್ಟೀರಂತನೇ ಸಿಗವಲ್ದೋ ಮಾರಾಯ," ಅಂದರು ನಾಗೇಂದ್ರಪ್ಪ.

ಪ್ರತಿ ಫಿಟ್ಟರೂ ತನ್ನ ಯಂತ್ರ ನಿಲ್ಲದಿರಲೆಂದು ಬಚ್ಚಿಟ್ಟವನೇ. ಕಳ್ಳ ಒಬ್ಬನೂ ಇಲ್ಲ, ಆದರೂ ಕಾರ್ಖಾನೆ ನಿಲ್ಲುತ್ತಿತ್ತು. ನಾಗೇಂದ್ರಪ್ಪ ಮ್ಯಾನೇಜರರಿಗೆ ಬಿಡಿಸಿ ಹೇಳಿದರು: ತಪ್ಪು ಪ್ರೋಗ್ರಾಮಿನದಲ್ಲ, ವಾಪಸು ತಂದಿಟ್ಟವರನ್ನು ಏನೂ ಕೇಳಬೇಡಿ, ಕಪಾಟು ತುಂಬಿದ್ದು ಕಂಡರೆ ಹೆಚ್ಚು ಬರೆಸುವ ಚಟ ತಾನೇ ಬಿಡುತ್ತದೆ. ಆ ಮಹಾನುಭಾವರು ಮಾಡಿದ್ದೇನು? ಚೀಟಿಗೆ ಮೂರು ಸಹಿ ಬೇಕೆಂದು ಹುಕುಂ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸಹಿಗಾಗಿ ಅಲೆದು ಸುಸ್ತಾದ ಫಿಟ್ಟರುಗಳು ಮೂರರ ಬದಲು ಆರು ಬರೆಸತೊಡಗಿದರು. ಇನ್ನೊಮ್ಮೆ ಬೆಲ್ಟು ನಿಂತರೆ ನಿಮ್ಮ ಮೇಲೆ ಕಳ್ಳತನದ ವಿಚಾರಣೆ ಎಂದು ಮ್ಯಾನೇಜರರು ನಾಗೇಂದ್ರಪ್ಪನವರ ಮುಖಕ್ಕೇ ಹೇಳಿದರು.

ಹದಿನೈದು ದಿನ ಕಳೆದಿರಲಿಲ್ಲ, ಮಟಮಟ ಮಧ್ಯಾಹ್ನ ಬೆಲ್ಟು ನಿಂತಿತು. ಎಲ್ಲರೂ ಸ್ಟೋರಿಗೆ ಓಡಿಬಂದರು. ಕಪಾಟು ಖಾಲಿ. ನಾಗೇಂದ್ರಪ್ಪ ತಮ್ಮ ಮೇಜಿನ ಖಾನೆಯ ಬೀಗ ತೆಗೆದು, ಹಳೆಯ ಟವೆಲಿನಲ್ಲಿ ಸುತ್ತಿದ್ದ ಬೇರಿಂಗೊಂದನ್ನು ಕೊಟ್ಟರು. ವಿಚಾರಣೆಯ ಮಾತು ಬಂದ ದಿನವೇ, ಮಾನ ಉಳಿದರೆ ಸಾಕೆಂದು ಚೀಟಿಯಿಲ್ಲದೆ ಎತ್ತಿಟ್ಟದ್ದು ಅದು.

ಬೆಲ್ಟು ಓಡಿತು. ಯಾರೂ ಶಾಬಾಸ್ ಅನ್ನಲಿಲ್ಲ.

"ನಿಮ್ಮದೂ ಒಂದು ಪೆಟಗಿ ಅದ ಅನ್ರಿ ಅಣ್ಣಾ," ಎಂದು ಅಂಬಾರಾಯ ಬಾಗಿಲಲ್ಲೇ ನಕ್ಕ.

ಗನಿ ನಗಲಿಲ್ಲ. ಕೈಯಲ್ಲಿದ್ದ ಕಂಪ್ಯೂಟರಿನ ಪಟ್ಟಿ ನೋಡುತ್ತ ಮೆಲ್ಲಗೆ ಅಂದ: "ಕಾಕಾ, ಕಪಾಟಿನಾಗ ಒಂದು ಅದ ಅಂತ ಮಶಿನ್ ದಿನಾ ಹೇಳಾಕತ್ತಿತ್ರಿ. ನೀವು ಇಲ್ಲ ಅಂದ್ರಿ. ನಿಮ್ಮ ಮಾತು ನಂಬಿ ನಾ ಮಶಿನ್‌ದಾಗ ತಪ್ಪು ಹುಡುಕಾಕತ್ತಿದ್ದೆ."