ನಾಯಕಿಯ ಗೆಳತಿ, ವನದುರ್ಗದ ಜ್ಯೋತಿ

ಜ್ಯೋತಿ ತೀರಿಕೊಂಡ ಮೂರನೇ ದಿನ ಸಿನಿಮಾದವರು ಸಂತಾಪ ಸೂಚಿಸಿದರು. 'ನಮ್ಮ ಚಿತ್ರದಲ್ಲಿ ಮಿಂಚಿದ ಈ ಭಾಗದ ಪ್ರತಿಭೆ' ಎಂದು ಬರೆದು ಫೋಟೊ ಹಾಕಿದ್ದರು. ಫೋಟೊದಲ್ಲಿ ನಾಯಕಿ ಇದ್ದಳು. ಅಂಚಿನಲ್ಲಿ ಜ್ಯೋತಿಯ ಎಡ ಮೊಣಕೈಯೂ ಇತ್ತು. ಆ ಮೊಣಕೈಯನ್ನು ಫೋನಿನಲ್ಲಿ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದೆ.

ಅವಳು ವನದುರ್ಗದ ಕುರಿ ಸಾಕುವ ಮನೆಯವಳು. ನಾನು ಶಹಾಪುರದಲ್ಲಿ ಶಿಕ್ಷಕಿ. ಒಂದನೇ ತರಗತಿಯಿಂದ ನಮ್ಮದು ಒಂದೇ ಬೆಂಚು. ಅವಳಿಗೆ ಮೂವತ್ನಾಲ್ಕು ತುಂಬುವ ಹೊತ್ತಿಗೆ ಏಳು ಮನೆಯವರು ಅವಳನ್ನು ನೋಡಲು ಬಂದಿದ್ದರು. ಏಳೂ ಮನೆಯವರು ಅವಲಕ್ಕಿ, ಚಹಾ ಮುಗಿಸಿ, ಹುಡುಗಿ ಬಣ್ಣ ಸ್ವಲ್ಪ ಕಮ್ಮಿ ಎಂದರು. ತಿನ್ನುವುದರಲ್ಲಿ ಅವರೇನೂ ಕಮ್ಮಿ ಮಾಡಿರಲಿಲ್ಲ.

ಕಳೆದ ವರ್ಷ ಒಂದು ನಗೆ-ಪ್ರೇಮದ ಚಿತ್ರತಂಡ ಊರಿಗೆ ಬಂತು. 'ಈ ಭಾಗಕ್ಕೆ ಪ್ರಾತಿನಿಧ್ಯ' ಎಂಬ ಮಾತನ್ನು ನಿರ್ದೇಶಕರು ಪತ್ರಕರ್ತರ ಮುಂದೆ ಒಂಬತ್ತು ಸಲ ಆಡಿದರು. ಕುರಿ ಕಾಯುವ ನಾಯಕಿಯನ್ನು ಮಾತ್ರ ಮುಂಬೈಯಿಂದ ತಂದಿದ್ದರು. ದಿನಾ ಎರಡು ತಾಸು ಕೂರಿಸಿ ಅವಳಿಗೆ ಕಪ್ಪು ಬಳಿಯುತ್ತಿದ್ದರು. ಜ್ಯೋತಿಗೆ ಆ ತೊಂದರೆ ಬೇಕಿರಲಿಲ್ಲ, ಹಾಗಾಗಿ ಅವಳಿಗೆ ನಾಯಕಿಯ ಗೆಳತಿಯ ಪಾತ್ರ ಸಿಕ್ಕಿತು. ಗೆಳತಿ ತಿನ್ನುತ್ತಿರಬೇಕು, ನಗಬೇಕು, ನಾಯಕಿಯ ಚೀಟಿ ಮುಟ್ಟಿಸಬೇಕು.

ಜ್ಯೋತಿ ಸ್ಕ್ರಿಪ್ಟನ್ನು ಪೂರ್ತಿ ಓದಿದಳು. ತಂಡದಲ್ಲಿ ಹಾಗೆ ಓದಿದ್ದು ಅವಳೊಬ್ಬಳೇ ಎಂಬ ಗುಮಾನಿ ನನಗಿದೆ.

"ಸರ್, ಹೀರೋಯಿನ್‌ಗೆ ಇಬ್ರು ಬೆನ್ನ ಹತ್ಯಾರ. ನನಗ್ಯಾಕ ಯಾರೂ ಇಲ್ಲ?"

"ಗೆಳತಿಗೆ ಲವ್ ಇರಲ್ಲಮ್ಮ."

"ಒಂದ ಸೀನ್ ಕೊಡ್ರಿ. ಒಬ್ಬಾತ ಬಂದು, ನೀ ನನ್ನ ಮನಸಿಗೆ ಬಂದೀದಿ ಅನ್ನಬೇಕು. ಅಷ್ಟ ಸಾಕು."

"ಜನ ಒಪ್ಪಲ್ಲಮ್ಮ."

ಮರುದಿನ ಕುರಿಗಳ ದೃಶ್ಯ. ನಾಯಕಿ ಕರೆಯಬೇಕು, ಜ್ಯೋತಿಯ ತಾಯಿ ಮಾಳಮ್ಮನ ನೂರಿಪ್ಪತ್ತು ಕುರಿಗಳು ಓಡಿಬಂದು ಅವಳನ್ನು ಸುತ್ತುಗಟ್ಟಬೇಕು. ನಾಯಕಿ ಕರೆದಳು. ಕುರಿಗಳು ಮೇಯುತ್ತಲೇ ಇದ್ದವು. ನಿರ್ದೇಶಕರು ಮೈಕಿನಲ್ಲಿ ಕರೆದರು. ಎರಡು ಕುರಿ ಹೆದರಿ ಗುಡ್ಡ ಹತ್ತಿದವು. ಸಾಕಿದವರ ದನಿಗಲ್ಲದೆ ಕುರಿ ತಿರುಗುವುದಿಲ್ಲ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆರು ತಿಂಗಳು ಈ ಭಾಗದ ಸಂಶೋಧನೆ ಮಾಡಿದವರಿಗೆ ಗೊತ್ತಿರಲಿಲ್ಲ.

ಜ್ಯೋತಿ ಕಲ್ಲಿನ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದಳು. ಸ್ಕ್ರಿಪ್ಟಿನಲ್ಲಿ ಹಾಗೇ ಇತ್ತಲ್ಲ.

"ಒಂದ್ಸಲ ನೀನೇ ಕೂಗಮ್ಮ, ಬೆಳಕು ಹೋಗ್ತಿದೆ!"

"ನನ್ನ ಸೀನು?"

"ಜ್ಯೋತಿ, ಪ್ಲೀಸ್..."

"ಕುರಿ ಒಪ್ಪವಲ್ವು, ಸರ್."

ಸೀನು ಸಿಕ್ಕಿತು. ಅವಳು ಜಾಲಿಗಿಡದ ಮರೆಯಲ್ಲಿ ಕೂತು ಕರೆದಳು, ಕುರಿಗಳು ಬಂದವು, ಎಲ್ಲರೂ ನಾಯಕಿಗೆ ಚಪ್ಪಾಳೆ ತಟ್ಟಿದರು. ಸಂಜೆ ಚಹಾ ಹೋಟೆಲಿನ ಅಯ್ಯಪ್ಪನಿಗೆ ಹೊಸ ಅಂಗಿ ತೊಡಿಸಿ ಜ್ಯೋತಿಯ ಎದುರು ನಿಲ್ಲಿಸಿದರು. ನಾನು ಕ್ಯಾಮೆರಾದ ಹಿಂದೆ ನಿಂತು ನೋಡಿದೆ.

ಡಿಸೆಂಬರಿನಲ್ಲಿ ಕಾಮಾಲೆ ಹದಿನೆಂಟೇ ದಿನಗಳಲ್ಲಿ ಅವಳನ್ನು ಒಯ್ದಿತು. ಆಸ್ಪತ್ರೆಯಲ್ಲಿ ಅವಳು ನನ್ನನ್ನು ಕೇಳಿದ್ದು ಒಂದೇ ಮಾತು: "ನನ್ನ ಸೀನ್ ಇಟ್ಟಾರೋ, ತಗದಾರೋ?" ನನಗೆ ಗೊತ್ತಿರಲಿಲ್ಲ. ಇಟ್ಟಾರ ಎಂದೆ.

ಫೆಬ್ರವರಿಯಲ್ಲಿ ಸಿನಿಮಾ ಬಂತು. ಮಾಳಮ್ಮನನ್ನು ಸುರಪುರದ ಟಾಕೀಸಿಗೆ ಕರೆದುಕೊಂಡು ಹೋದೆ. ಮಧ್ಯಂತರದ ನಂತರ ಆ ದೃಶ್ಯ ಬಂತು, ಒಂಬತ್ತು ಸೆಕೆಂಡು. ಅಯ್ಯಪ್ಪ ನಡುಗುತ್ತ ತನ್ನ ಮಾತು ಹೇಳಿದ. ಜ್ಯೋತಿ ಅವನನ್ನು ನಿಧಾನವಾಗಿ ನೋಡಿ ಬಾಯಿ ತೆರೆದಳು. ಅಷ್ಟರಲ್ಲಿ ಪರದೆ ತುಂಬ ನಾಯಕಿ ಕುಣಿಯತೊಡಗಿದಳು.

ಮಾಳಮ್ಮ ನನ್ನ ಕೈ ಹಿಡಿದರು. "ಏನಂದ್ಳ ಯವ್ವಾ? ಹೂಂ ಅಂದ್ಳಾ?"

"ಇಲ್ಲ ಚಿಗವ್ವ. ನಾಚಿ ಓಡಿಹೋಗು ಅಂತ ಕಲಿಸಿದ್ರು, ಓಡ್ಲಿಲ್ಲ. 'ನಾಳಿ ಬಾ, ವಿಚಾರ ಮಾಡಿ ಹೇಳ್ತೀನಿ' ಅಂದ್ಳು."



"ಹಂಗಾದ್ರ ಮನಸಿತ್ತು," ಎಂದರು ಮಾಳಮ್ಮ. "ಬ್ಯಾಡಾಗಿದ್ರ ಅಲ್ಲೇ ಹೇಳತಿದ್ಳು ಆಕಿ."