ಮುನಿಶಾಮಪ್ಪ ಭಾವನ ಇನ್ನೊಂದು ಸುತ್ತು

ಮುನಿಶಾಮಪ್ಪ ಭಾವ ಮುಚ್ಚಿದ ಮುಚ್ಚಳವನ್ನು ಇನ್ನೊಬ್ಬರು ತೆಗೆಯುವುದು ಸಾಧ್ಯವೇ ಇರಲಿಲ್ಲ. ಕೊಡಿಗೇಹಳ್ಳಿಯ ಅವರ ಮನೆಯಲ್ಲಿ ತುಪ್ಪದ ಸೀಸೆ, ತಲೆಗೆಣ್ಣೆಯ ಸೀಸೆ, ಇಂಕಿನ ಬುಡ್ಡಿ ಎಲ್ಲವೂ ಅವರ ಕೈ ಬಿಗಿತಕ್ಕೆ ಸಿಕ್ಕಿ ಬಾಯಿ ಕಚ್ಚಿಕೊಂಡು ಕೂತಿರುತ್ತಿದ್ದವು. ನನ್ನಕ್ಕ ಲಕ್ಷ್ಮಮ್ಮ ಸೆರಗಿನ ತುದಿಯಿಂದ ಹಿಡಿದು ಒದ್ದಾಡಿ, ಸೋತು, ತೋಟದಿಂದ ಗಂಡ ಬರುವ ತನಕ ಮುದ್ದೆಗೆ ತುಪ್ಪವಿಲ್ಲದೆ ಕಾಯುತ್ತಿದ್ದಳು. ಅವರು ಬಂದು, ಮೀಸೆಯಡಿ ನಗುತ್ತಾ ಮುಚ್ಚಳ ತೆಗೆದು, ತುಪ್ಪ ಹಾಕಿಸಿಕೊಂಡು, ಮತ್ತೆ ಮುಚ್ಚುತ್ತಿದ್ದರು. ಮುಚ್ಚಳ ಸರಿಯಾಗಿ ಕೂತ ಮೇಲೆ ಒಂದು ಗಳಿಗೆ ನಿಲ್ಲಿಸಿ, ಉಸಿರು ಬಿಗಿಹಿಡಿದು, 'ಇನ್ನೊಂದ್ ಸುತ್ತು' ಅನ್ನುತ್ತಿದ್ದರು. ಅವರ ಇಡೀ ಬಾಳಿನ ತಿಳಿವಳಿಕೆ ಆ ಎರಡು ಮಾತಿನಲ್ಲಿ ಮುಗಿದಿತ್ತು.

ಬಚ್ಚಲಮನೆಯ ನಲ್ಲಿಯನ್ನು ಹೀಗೆ ಬಿಗಿದೂ ಬಿಗಿದೂ ಒಳಗಿನ ವಾಷರ್ ಜಜ್ಜಿಹೋಗಿತ್ತು. ನೀರು ತೊಟ್ಟಿಕ್ಕಿದಷ್ಟೂ ಅವರು ಬಿಗಿಯುತ್ತಿದ್ದರು, ಅವರು ಬಿಗಿದಷ್ಟೂ ಅದು ತೊಟ್ಟಿಕ್ಕುತ್ತಿತ್ತು. ಒಮ್ಮೆ ರಾಜಾನುಕುಂಟೆಯ ನಮ್ಮ ಮನೆಗೆ ಬಂದವರು ಅಪ್ಪನ ಕನ್ನಡಕದ ಕಡ್ಡಿ ಸಡಿಲವಾಗಿದೆಯೆಂದು ತಾವಾಗಿಯೇ ಕಿತ್ತುಕೊಂಡು ತಿರುಪು ಬಿಗಿದರು. ಗಾಜು ಟಪ್ಪೆಂದಿತು. ಅಳಿಯನ ಮುಖ ನೋಡಿ ಅಪ್ಪ, 'ಇರ್ಲಿ ಬುಡಿ, ಚೆನ್ನಾಗಿ ಕುಂತೈತೆ' ಅಂದರು. ಸಾಯುವ ತನಕ ನಮ್ಮಪ್ಪ ಬಿರುಕಿನ ಮೂಲಕವೇ ಲೋಕ ನೋಡಿದರು. ಅದಕ್ಕಾಗಿ ನಾನು ಭಾವನನ್ನು ಇಂದಿಗೂ ಕ್ಷಮಿಸಿಲ್ಲ.

ಭಾವನಿಗೆ ದ್ರಾಕ್ಷಿ ತೋಟವಿತ್ತು, ಪಂಪ್‌ಸೆಟ್ಟಿತ್ತು, ಊರಿಗೆ ಹೊಸದಾಗಿ ಬಂದ ಒಂದು ಹಳೆಯ ಕಪ್ಪು ಕಾರೂ ಇತ್ತು. ಊರು ಬಿಟ್ಟು ಹೋಗುತ್ತಿದ್ದ ಯಾವನೋ ಬಿಳಿ ದೊರೆಯಿಂದ ಕೊಂಡದ್ದು. ಅದಕ್ಕೆ ಅವರೇ ಒಡೆಯ, ಅವರೇ ಡ್ರೈವರ್, ಕೇಡಿಗೆ ಅವರೇ ಮೆಕ್ಯಾನಿಕ್. 'ಮೆಕ್ಯಾನಿಕ್‌ಗಳೆಲ್ಲ ಕಳ್ರು ಕಣ್ಲಾ. ಮತ್ತೆ ಬರ್ಲಿ ಅಂತ ಸಡ್ಲ ಮಾಡಿ ಕಳಿಸ್ತಾರೆ' ಅನ್ನುವುದು ಅವರ ವಾದ. ಕೈಬ್ರೇಕಿನ ತಂತಿಯನ್ನು ಈ ವಾದದ ಮೇಲೆಯೇ ಬಿಗಿದು ಕಡಿದುಹಾಕಿದ್ದರು.

ನಾನು ಯಶವಂತಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದೆ. ನಟ್ಟಿನ ಒಳಗೂ ಬೋಲ್ಟಿನ ಮೇಲೂ ಸುರುಳಿಯಾಗಿ ಗೆರೆಗಳಿರುತ್ತವಲ್ಲ, ಥ್ರೆಡ್ಡು, ಅದನ್ನು ಕೊರೆಯುವುದೇ ನನ್ನ ಕಸುಬು. ಇದನ್ನು ಭಾವನಿಗೆ ಹೇಳಿ ಪ್ರಯೋಜನವಿರಲಿಲ್ಲ. ಅವರ ಲೆಕ್ಕದಲ್ಲಿ ನಾನು ಇನ್ನೊಬ್ಬರ ಕೈಕೆಳಗೆ ದುಡಿಯುವವನು, ಹೆಂಡತಿಯ ತಮ್ಮ ಬೇರೆ.

ಆ ವರ್ಷ ಆಯುಧಪೂಜೆಯ ಹಿಂದಿನ ದಿನ ನಾನು ಕೊಡಿಗೇಹಳ್ಳಿಗೆ ಹೋದದ್ದು ಅಕ್ಕನನ್ನು ಹೆರಿಗೆಗೆ ಕರೆದುಕೊಂಡು ಬರಲು. ಅವಳಿಗೆ ತಿಂಗಳು ತುಂಬಿತ್ತು. ಹಿಂದಿನ ಕೂಸುಗಳು ಉಳಿದಿರಲಿಲ್ಲ. ಈ ಸಲವಾದರೂ ಉಳಿಯಲಿ ಎಂದು ಅವ್ವ ಹರಕೆಯ ಮೇಲೆ ಹರಕೆ ಹೊತ್ತಿದ್ದಳು. ಪೂಜೆ ಮುಗಿಸಿಕೊಂಡು ನಿಧಾನವಾಗಿ ಜಟಕಾದಲ್ಲಿ ಹೋಗೋಣವೆಂದರೆ ಭಾವ ಸಿಡಿದರು. 'ಮನೆ ಮುಂದೆ ಕಾರಿಟ್ಕಂಡು ಎಂಡ್ತಿನ ಜಟಕಾದಲ್ಲಿ ಕಳಿಸಿದ್ರೆ ಊರೋರು ಏನಂದಾರು? ನಾನೇ ಬುಟ್ಟು ಬತ್ತೀನಿ.'

ಬಿಟ್ಟು ಬರುವ ಮುಂಚೆ ಬ್ರೇಕ್ ರಿಪೇರಿಯಾಗಬೇಕಿತ್ತು. ಹಿಂದಿನ ಎಡಚಕ್ರಕ್ಕೆ ಬ್ರೇಕಿನ ಎಣ್ಣೆ ಒಯ್ಯುವ ಸಣ್ಣ ಕೊಳವೆ ಸೋರುತ್ತಿತ್ತು. ಸಿಟಿಯಿಂದ ಹೊಸದು ತಂದಿದ್ದರು. ಅದರ ತುದಿಯ ನಟ್ಟನ್ನು ಚಕ್ರದ ಹಿಂದಿನ ಸಿಲಿಂಡರಿಗೆ ತಿರುಗಿಸಿ ಕೂರಿಸಬೇಕು, ಅಷ್ಟೇ ಕೆಲಸ. ಭಾವ ಅಂಗಳದಲ್ಲಿ ಗೋಣಿತಾಟು ಹಾಸಿ ಮಲಗಿ, ನಟ್ಟನ್ನು ತೂತಿಗೆ ಒತ್ತಿ, ನೇರವಾಗಿ ಸ್ಪ್ಯಾನರ್ ಹಾಕಿದರು.

'ಭಾವ, ಮೊದ್ಲು ಬೆರಳಲ್ಲಿ ತಿರುಗ್ಸಿ. ಓರೆ ಕೂತಿದೆ' ಅಂದೆ.

'ಬೆರಳಲ್ಲಿ ತಿರುಗ್ಸಾಕೆ ಇದೇನು ನಿಮ್ಮಕ್ಕನ ಕುಂಕುಮದ ಭರಣಿನಾ?'

ನಟ್ಟು ಕಿರಗುಟ್ಟಿತು. ಗಟ್ಟಿಯಾಯಿತು. ಇನ್ನೂ ಗಟ್ಟಿಯಾಯಿತು. ಅವರ ಕತ್ತಿನ ನರ ಉಬ್ಬಿದ್ದನ್ನು ನೋಡಿಯೇ ಮುಂದಿನ ಮಾತು ಯಾವುದೆಂದು ನನಗೆ ಗೊತ್ತಾಯಿತು. 'ಇನ್ನೊಂದ್ ಸುತ್ತು' ಅಂದರು. ಸಿಲಿಂಡರಿನ ಒಳಗಿನ ಥ್ರೆಡ್ಡು ಪೂರಾ ಕಿತ್ತುಬಂದು, ಲೋಹದ ಪುಡಿ ಗೋಣಿತಾಟಿನ ಮೇಲೆ ಉದುರಿತು. ನಟ್ಟು ಈಗ ಹಿಡಿತವೇ ಇಲ್ಲದೆ ಸುಮ್ಮನೆ ತಿರುಗತೊಡಗಿತು. ಭಾವ ಮುಖ ಅರಳಿಸಿಕೊಂಡು ಆಚೆ ಬಂದರು. 'ನೋಡ್ದಾ, ಈಗ ಸಲೀಸಾಯ್ತು.'

ಇಂಥವರ ಜೊತೆ ಏನು ಮಾತಾಡುವುದು? ಆದರೂ ಮಾತಾಡಿದೆ, ಅಕ್ಕ ಕೂರುವ ಕಾರು ಅದು. ಒಂದು ಚಕ್ರದ ಹತ್ತಿರ ಎಣ್ಣೆ ಹೊರಟುಹೋದರೆ ನಾಲ್ಕಕ್ಕೂ ಬ್ರೇಕ್ ಇರುವುದಿಲ್ಲ, ಹಬ್ಬ ಕಳೆಯಲಿ, ಕಾರ್ಖಾನೆ ಬಾಗಿಲು ತೆಗೆದ ಮೇಲೆ ಸಿಲಿಂಡರ್ ಒಯ್ದು ಸ್ವಲ್ಪ ದೊಡ್ಡ ಥ್ರೆಡ್ ಕೊರೆದು, ಅದಕ್ಕೊಪ್ಪುವ ನಟ್ಟನ್ನೂ ಮಾಡಿ ತರುತ್ತೇನೆ ಅಂದೆ. ಅವರು ಕೇಳಿಸಿಕೊಳ್ಳಲೇ ಇಲ್ಲ. ನೀರಿನ ಪೈಪಿಗೆ ಮಾಡುವ ಹಾಗೆ ನಟ್ಟಿಗೆ ಹತ್ತಿಯ ದಾರ ಸುತ್ತಿ, ಮೇಲೆ ಸಫೇದವೆಂಬ ಬಿಳಿ ಅಂಟು ಮೆತ್ತಿ ತೂತಿಗೆ ತುರುಕಿದರು. ಪೆಡಲನ್ನು ಮೆಲ್ಲಗೆ ಒತ್ತಿ, 'ಗಟ್ಟಿ ಐತೆ' ಅಂದರು. ಅವರು ಒಳಗೆ ಹೋದ ಮೇಲೆ ಬಿಚ್ಚಿಹಾಕೋಣವೆಂದು ಸ್ಪ್ಯಾನರ್ ಹುಡುಕಿದೆ. ಅಷ್ಟರಲ್ಲಿ ಸಾಮಾನನ್ನೆಲ್ಲ ತೊಳೆದು ದೇವರ ಮುಂದೆ ಜೋಡಿಸಿ ಅರಿಶಿನ ಕುಂಕುಮ ಇಟ್ಟುಬಿಟ್ಟಿದ್ದರು. ಪೂಜೆಗಿಟ್ಟ ಆಯುಧ ಮುಟ್ಟುವ ಹಾಗಿಲ್ಲ. ಕುಡುಗೋಲು, ಗುದ್ದಲಿಗಳ ನಡುವೆ ಆ ಸ್ಪ್ಯಾನರ್ ದೇವರಾಗಿ ಕೂತಿತ್ತು.

ಮಾರನೆಯ ಬೆಳಗ್ಗೆ ಕಾರಿಗೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟರು. ನೆರೆಹೊರೆಯವರೆಲ್ಲ ನೆರೆದರು. ಬೂದುಗುಂಬಳ ಒಡೆದದ್ದಾಯಿತು. ಭಾವ ಸ್ಟೀರಿಂಗ್ ಹಿಡಿದು ಕೂತು, 'ಕಾರ್ ಅತ್ತೇ ಲಕ್ಷ್ಮೀ' ಅಂದರು.

ಅಕ್ಕ ಹತ್ತಲಿಲ್ಲ. ತಾನು ಬೆಳಗ್ಗೆ ಬಿಟ್ಟ ರಂಗೋಲಿ ಹಿಂಚಕ್ರದ ಹತ್ತಿರ ಎಣ್ಣೆಗೆ ನೆನೆದು ಕರಗಿದ್ದನ್ನು ನೋಡುತ್ತಿದ್ದಳು. ಮದುವೆಯಾದಾಗಿನಿಂದ ಆ ಮನುಷ್ಯನ ಎದುರು ಒಂದು ಮಾತಾಡದವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಊರ ಮುಂದೆ, ಮೆಲ್ಲಗೆ ಹೇಳಿದಳು.

'ನೀವೊಂದ್ಕಿತ ಅಂಗೇ ಕೆಳೀಕ್ ಓಗಿ, ನಿಲ್ಸಿ ತೋರ್ಸಿ. ಆಮೇಲೆ ಅತ್ತೀನಿ.'

ಭಾವ ಎಲ್ಲರ ಕಡೆ ತಿರುಗಿ ನಕ್ಕು, ಇಂಜಿನ್ ರೊಂಯ್ಯೆನಿಸಿ ಬಿಟ್ಟರು. ನಿಂಬೆಹಣ್ಣುಗಳು ಚಪ್ಪಟೆಯಾದವು. ಮನೆಯ ಮುಂದಿನ ಇಳಿಜಾರಿನಲ್ಲಿ ಕಾರು ಬಾಳೆಕಂದು ಅಲ್ಲಾಡಿಸುತ್ತಾ ಚೆನ್ನಾಗಿಯೇ ಹೋಯಿತು. ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಅವರು ಬಲವಾಗಿ ತುಳಿದರೆಂದು ಕಾಣುತ್ತದೆ, ದಾರವೂ ಸಫೇದವೂ ಚಿಮ್ಮಿಹೋಗಿ ದಾರಿಯುದ್ದಕ್ಕೂ ಎಣ್ಣೆಯ ಗೆರೆ ಬಿತ್ತು. ಕಾರು ನೇರವಾಗಿ ಹೋಗಿ ಪಕ್ಕದ ಮನೆಯವರ ಗೊಬ್ಬರದ ತಿಪ್ಪೆಗೆ ಮೂತಿ ಇಟ್ಟು ನಿಂತಿತು. ಆ ತಿಪ್ಪೆಯ ಆಚೆ ಬಾವಿ.

ಭಾವ ಮೊಣಕಾಲ ತನಕ ಗೊಬ್ಬರ ಮೆತ್ತಿಕೊಂಡು ಹತ್ತಿ ಬಂದರು. ನನ್ನ ಮುಖ ನೋಡಲಿಲ್ಲ. ನೇರವಾಗಿ ಅಕ್ಕನಿಗೆ ಹೇಳಿದರು. 'ಇಷ್ಟ್ ದಪ್ಪದ್ ನಿಂಬೆಹಣ್ಣು ಯಾವಳೇ ಇಡು ಅಂದೋಳು ನಿಂಗೆ? ಹುಳಿಗೆ ಚಕ್ರ ಜಾರ್ತು.'

ಊರಿನವರಲ್ಲಿ ಕೆಲವರು ಹೌದೆಂದು ತಲೆಯಾಡಿಸಿದರು. ಅಕ್ಕ ಒಳಗೆ ಹೋಗಿ ಬಟ್ಟೆ ಗಂಟು ತಂದಳು. ಜಟಕಾ ಹತ್ತಿ ನಾವು ರಾಜಾನುಕುಂಟೆ ಸೇರಿದೆವು. ಅದೇ ವಾರ ಗೌರಿ ಹುಟ್ಟಿದಳು, ಉಳಿದಳು. ತೊಟ್ಟಿಲ ಶಾಸ್ತ್ರಕ್ಕೆ ಬಂದ ಭಾವ ಮಗುವನ್ನು ನೋಡುವ ಮೊದಲು ತೊಟ್ಟಿಲಿನ ಕೊಂಡಿ ಬಿಗಿಯಾಗಿದೆಯೇ ಎಂದು ಕೈ ಹಾಕಿದರು. ನಾನು ಆ ಕೈ ಹಿಡಿದು ಆಚೆ ತಂದೆ.

ವರ್ಷಗಳು ಕಳೆದು ನಾನು ಅವರನ್ನು ಕೊನೆಯ ಸಲ ನೋಡಿದಾಗ ಅವರು ಹಾಸಿಗೆ ಹಿಡಿದಿದ್ದರು. ಕೈಯಲ್ಲಿ ಔಷಧಿ ಸೀಸೆ, ಮುಚ್ಚಳ ಬರುತ್ತಿಲ್ಲ. ಹಿಂದಿನ ದಿನ ಅವರೇ ಮುಚ್ಚಿದ್ದು. ನಾನು ಇಕ್ಕಳ ಹಾಕಿ ತೆಗೆದು ಕುಡಿಸಿದೆ. ಬಾಯಿ ಒರೆಸಿಕೊಂಡು ಅಂದರು, 'ಅವತ್ತಿನ ನಿಂಬೆಹಣ್ಣು ದಪ್ಪ ಇತ್ತು ಕಣ್ಲಾ.'

ಸಾಯುವವರ ಮುಂದೆ ಹೌದು ಅನ್ನಬೇಕಂತೆ. ನಾನು ಅನ್ನಲಿಲ್ಲ. 'ಥ್ರೆಡ್ ಹೋಗಿತ್ತು ಭಾವ' ಅಂದೆ. ಅವರು ಗೋಡೆಯ ಕಡೆ ತಿರುಗಿಕೊಂಡರು.

ತಿಥಿ ಮುಗಿದ ಮೇಲೆ ಅಕ್ಕ ಒಂದೇ ಒಂದು ಕೆಲಸ ಹೇಳಿದಳು, ಬಚ್ಚಲ ನಲ್ಲಿ ಸರಿಮಾಡಿಕೊಡು ಅಂತ. ಹೊಸ ವಾಷರ್ ಹಾಕಿಕೊಟ್ಟೆ. ಗೌರಿ ಕೈಕಾಲು ತೊಳೆದು ಹೋದಳು. ಅಕ್ಕ ನಲ್ಲಿಯನ್ನು ಎರಡು ಬೆರಳಿನಲ್ಲಿ ತಿರುಗಿಸಿದಳು. ನೀರು ನಿಂತಿತು. ಇನ್ನೇನು ಒಂದು ತೊಟ್ಟು ಬಿದ್ದೀತೆಂದು ಅವಳು ಬಗ್ಗಿ ನೋಡುತ್ತಲೇ ಇದ್ದಳು. ಬೀಳಲಿಲ್ಲ.

'ಇಷ್ಟೇ ಸಾಕಾಗಿತ್ತೇನೋ, ಕೃಷ್ಣ?'

'ಇಷ್ಟೇ ಸಾಕಾಗಿತ್ತಕ್ಕ' ಅಂದೆ.

ಅವಳು ಮತ್ತೆ ನಲ್ಲಿ ಬಿಟ್ಟು, ಮತ್ತೆ ಎರಡೇ ಬೆರಳಿನಲ್ಲಿ ನಿಲ್ಲಿಸಿದಳು.